ಅರ್ಶೋಯಂತ್ರದ ಎರಡು ರಂಧ್ರಗಳು: ಸುಶ್ರುತಸಂಹಿತೆಯ ಒಂದು ವಿಧಿಯ ಮರುಪರಿಶೀಲನೆ

ಸುಶ್ರುತನ ನಾಡೀಯಂತ್ರವನ್ನು ‘ಪ್ರಾಚೀನ ಎಂಡೋಸ್ಕೋಪ್’ ಎಂದು ಕರೆಯುವ ವಾಡಿಕೆ ನಮ್ಮ ವೈದ್ಯಚರಿತ್ರೆಕಾರರಲ್ಲಿ ಬೇರುಬಿಟ್ಟಿದೆ. ಇದಕ್ಕೆ ಗಿರೀಂದ್ರನಾಥ ಮುಖೋಪಾಧ್ಯಾಯರನ್ನು ಹೊಣೆ ಮಾಡುವುದು ನ್ಯಾಯವಲ್ಲ. 1913-14ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಹೊರತಂದ ಅವರ ಎರಡು ಸಂಪುಟಗಳು ನಮ್ಮ ಶಸ್ತ್ರೋಪಕರಣಗಳನ್ನು ಗ್ರೀಕ್, ರೋಮನ್, ಅರಬ್ ಉಪಕರಣಗಳೊಡನೆ ಹೋಲಿಸಿದವು. ಆ ಶ್ರಮಕ್ಕೆ ನಾನೂ ಋಣಿ. ದೋಷ ಇರುವುದು ಅವರ ಚಿತ್ರಫಲಕಗಳನ್ನು ನೋಡಿ ಸಂಹಿತೆಯನ್ನು ಮುಚ್ಚಿಟ್ಟವರಲ್ಲಿ.

ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ 101 ಯಂತ್ರಗಳಿವೆ. ಅವುಗಳಲ್ಲಿ 20 ನಾಡೀಯಂತ್ರಗಳು. ಶಲ್ಯ ತೆಗೆಯುವುದು, ರೋಗ ನೋಡುವುದು, ಹೀರುವುದು, ಚಿಕಿತ್ಸೆಯನ್ನು ಸುಗಮಗೊಳಿಸುವುದು ಇವುಗಳ ಕೆಲಸ. ಎಂಡೋಸ್ಕೋಪ್ ವಾದವೆಲ್ಲ ನಿಂತಿರುವುದು ಎರಡನೆಯದರ ಮೇಲೆ. ಆದರೆ ಆ ನೋಟ ಹೇಗೆ ಸಾಧ್ಯವಾಗುತ್ತಿತ್ತು ಎಂಬುದು ತಿಳಿಯುವುದು ಚಿಕಿತ್ಸಾಸ್ಥಾನದ ಆರನೆಯ ಅಧ್ಯಾಯದಲ್ಲಿ, ಮೂಲವ್ಯಾಧಿಯ ಪ್ರಕರಣದಲ್ಲಿ.

ಅಲ್ಲಿನ ಯಂತ್ರ ಲೋಹ, ದಂತ, ಕೊಂಬು ಅಥವಾ ಮರದ್ದು; ಆಕಾರ ಹಸುವಿನ ಮೊಲೆಯದು; ಉದ್ದ ನಾಲ್ಕು ಅಂಗುಲ; ಸುತ್ತಳತೆ ಗಂಡಸರಿಗೆ ಐದು, ಹೆಂಗಸರಿಗೆ ಆರು ಅಂಗುಲ. ನೋಡಲು ಎರಡು ರಂಧ್ರಗಳದ್ದು, ಚಿಕಿತ್ಸೆಗೆ ಒಂದೇ ರಂಧ್ರದ್ದು. ಎರಡು ರಂಧ್ರ ಎಂದೊಡನೆ ಬೆಳಕಿಗೊಂದು, ಕಣ್ಣಿಗೊಂದು ಎಂಬ ಊಹೆ ಹುಟ್ಟುತ್ತದೆ. ಫಿಲಿಪ್ ಬೋಟ್ಸಿನಿ 1806ರಲ್ಲಿ ವಿವರಿಸಿದ ‘ಲಿಖ್ಟ್‌ಲೈಟರ್’ನಲ್ಲಿ ಮೇಣದ ಬತ್ತಿಯ ಬೆಳಕಿಗೂ ನೋಟಕ್ಕೂ ಬೇರೆ ಬೇರೆ ದಾರಿಗಳಿದ್ದವು ನಿಜ. ಸುಶ್ರುತನ ಅಳತೆಗಳು ಮಾತ್ರ ಈ ಊಹೆಯನ್ನು ತಾಳುವುದಿಲ್ಲ.

ನಾಲ್ಕಂಗುಲದ ಯಂತ್ರದಲ್ಲಿ ರಂಧ್ರದ ಉದ್ದ ಮೂರೇ ಅಂಗುಲ. ಉಳಿದ ಒಂದಂಗುಲದಲ್ಲಿ ಅರ್ಧ ಅಂಗುಲ ಎತ್ತರದ ಕರ್ಣಿಕೆ, ಅಂದರೆ ಉಬ್ಬಿದ ಅಂಚು. ತುದಿಯಿಂದ ತುದಿಗೆ ಹೋಗುವ ಕೊಳವೆಯಾಗಿದ್ದರೆ ರಂಧ್ರವೂ ನಾಲ್ಕಂಗುಲ ಇರಬೇಕಿತ್ತು. ಆದ್ದರಿಂದ ಇದು ಪಕ್ಕದ ಗೋಡೆಯಲ್ಲಿ ಉದ್ದಕ್ಕೆ ಸೀಳಿದ ಕಿಂಡಿ. ಒಂದೇ ಕಿಂಡಿ ಏಕೆ ಎಂಬುದಕ್ಕೆ ಸಂಹಿತೆಯೇ ಕಾರಣ ಕೊಡುತ್ತದೆ: ಶಸ್ತ್ರ, ಕ್ಷಾರ, ಅಗ್ನಿ ಮೇರೆ ಮೀರುವುದಿಲ್ಲ. ಮಾಂಸದ ಕಡೆ ತೆರೆದ ಕಿಂಡಿಗೆ ಮಾತ್ರ ಈ ಕಾರಣ ಹೊಂದುತ್ತದೆ. ಎರಡು ಕಿಂಡಿಗಳಿಂದ ಎರಡೂ ಬದಿ ಕಾಣುತ್ತದೆ. ಒಂದೇ ಇದ್ದಾಗ ಮೂಲವ್ಯಾಧಿಯ ಮೊಳಕೆಯೊಂದೇ ಒಳಕ್ಕೆ ಇಳಿದು, ಉಳಿದ ಗೋಡೆ ಸುತ್ತಲಿನ ಚರ್ಮವನ್ನು ಕಾಯುತ್ತದೆ. ಕ್ಷಾರ ಹಚ್ಚಿದ ಮೇಲೆ ವೈದ್ಯ ಯಂತ್ರದ ಬಾಯನ್ನು ಅಂಗೈಯಿಂದ ಮುಚ್ಚಿ ನೂರು ಎಣಿಸುವಷ್ಟು ಹೊತ್ತು ಕಾಯಬೇಕು ಎಂಬ ವಿಧಿಯೂ ಉಂಟು. ಔಷಧ ಸುಡುತ್ತಿರುವ ಹೊತ್ತಿನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಕಾವಲು ಆ ಗೋಡೆಯದು. (ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಇದೇ ನಾಲ್ಕು, ಐದು, ಆರು, ಮೂರು ಅಂಗುಲಗಳನ್ನು ಹೇಳುತ್ತಾನೆ. ಹಾಗಾಗಿ ಲಿಪಿಕಾರನ ತಪ್ಪೆಂದು ತಳ್ಳಿಹಾಕುವ ಸುಲಭದ ದಾರಿ ಇಲ್ಲಿ ಇಲ್ಲ.)

ಬೆಳಕು ಎಲ್ಲಿಂದ ಬಂತು? ಎಂಡೋಸ್ಕೋಪ್ ಪಕ್ಷದವರು ಈ ಪ್ರಶ್ನೆ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಉತ್ತರ ಅದೇ ಅಧ್ಯಾಯದಲ್ಲಿದೆ: ಮೋಡವಿಲ್ಲದ ಹೊತ್ತು, ಮೇಲುಮೈ ಇನ್ನೊಬ್ಬನ ತೊಡೆಯ ಮೇಲೆ ಒರಗಿರುವಂತೆ, ಸೊಂಟ ತುಸು ಎತ್ತರಿಸಿ, ಗುದ ಸೂರ್ಯನಿಗೆ ಎದುರಾಗುವಂತೆ ರೋಗಿಯನ್ನು ಮಲಗಿಸಬೇಕು. ದಿಕ್ಕಿನ ಈ ವಿಧಿಯನ್ನು ಬರಿಯ ಆಚಾರವೆಂದು ಓದಿದರೆ ಮೋಡದ ಷರತ್ತಿಗೆ ಅರ್ಥ ಉಳಿಯುವುದಿಲ್ಲ. ದೀಪ ಯಂತ್ರದಲ್ಲಿಲ್ಲ, ಆಕಾಶದಲ್ಲಿದೆ. ಅದಕ್ಕೆ ತಕ್ಕಂತೆ ತಿರುಗಬೇಕಾದದ್ದು ರೋಗಿಯ ಮೈ.

ಇದರಿಂದ ಸುಶ್ರುತನ ಗೌರವ ಕುಗ್ಗುತ್ತದೆ ಎಂದು ಹೆದರುವವರಿಗೆ ನನ್ನ ಸಹಾನುಭೂತಿ ಕಡಿಮೆ. ಕಿಂಡಿಯ ಗೋಡೆಯನ್ನೇ ರಕ್ಷಾಕವಚವಾಗಿಸಿದ ಜಾಣ್ಮೆ ಅವನದು. ಅದನ್ನು ಬಿಟ್ಟು ಬೋಟ್ಸಿನಿಯ ಜಾಣ್ಮೆಯನ್ನು ಅವನಿಗೆ ಸಾಲ ಕೊಡುವುದೇ ಅವಮಾನ. ಬಿಸಿಲು ಮುಟ್ಟದ ಜಾಗದಲ್ಲಿ ಅವನು ಏನು ಮಾಡಿದನೆಂಬುದು ಮರು ಅಧ್ಯಾಯದಲ್ಲೇ ಇದೆ. ಮೂತ್ರಕೋಶದ ಕಲ್ಲನ್ನು ಹುಡುಕಲು ಅವನು ನಾಡೀಯಂತ್ರ ಎತ್ತಿಕೊಳ್ಳುವುದಿಲ್ಲ. ಎಡಗೈಯ ಎರಡು ಬೆರಳುಗಳನ್ನು ಗುದದೊಳಗೆ ತೂರಿಸಿ ಕಲ್ಲನ್ನು ಕೆಳಕ್ಕೆ ತರುತ್ತಾನೆ. ಮೂತ್ರಕೋಶದೊಳಕ್ಕೇ ಬೆಳಕನ್ನು ಒಯ್ಯುವ ಉಪಕರಣವನ್ನು ಮ್ಯಾಕ್ಸ್ ನಿಟ್ಸೆ ತೋರಿಸಿದ್ದು 1877ರಲ್ಲಿ.