ನಂಜನಗೂಡಿನ ಕನ್ನಡ: ಮಾತು ಮತ್ತು ಸಮಾಜ

ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಆಡುವ ಕನ್ನಡ ಕೇರಿಯಿಂದ ಕೇರಿಗೂ ಬದಲಾಗುತ್ತದೆ. ಕನ್ನಡ ಒಂದೇ ಬಗೆಯದಲ್ಲ ಎಂಬ ಅರಿವು 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಇದೆಯಾದರೂ ಅಲ್ಲಿರುವುದು ಪ್ರದೇಶಭೇದದ ಮಾತು. ಜಾತಿಯೂ ನುಡಿಯನ್ನು ಒಡೆಯುತ್ತದೆ ಎಂಬುದನ್ನು ವಿದ್ವಾಂಸರು ಕ್ರಮವಾಗಿ ಪರಿಶೀಲಿಸಿದ್ದು ಬಹಳ ತಡವಾಗಿ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1960ರ ಲೇಖನವೊಂದರಲ್ಲಿ ಬೆಂಗಳೂರಿನ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಆಡುಮಾತನ್ನು ಹೋಲಿಸಿದರು. ಒಂದೆಡೆ ‘ಹಾಲು’, ‘ಇದೆ’. ಇನ್ನೊಂದೆಡೆ ‘ಆಲು’, ‘ಐತೆ’. ಓದುಬರಹ ಹಿಂದಿನಿಂದಲೂ ಇದ್ದ ಮನೆಗಳ ಮಾತು ಸಂಸ್ಕೃತ, ಇಂಗ್ಲಿಷ್ ಪದಗಳನ್ನೂ ಅವುಗಳ ಉಚ್ಚಾರವನ್ನೂ ಬೇಗ ಒಳಗೆ ಬಿಟ್ಟುಕೊಂಡಿತು. ಓದು ದಕ್ಕದವರ ಮಾತು ತನ್ನದೇ ಧ್ವನಿ, ಪ್ರತ್ಯಯಗಳೊಳಗೆ ಬದಲಾಗುತ್ತಾ ಬಂತು. ಎ. ಕೆ. ರಾಮಾನುಜನ್ ಅವರೂ ಬ್ರೈಟ್ ಜೊತೆ ಸೇರಿ ಈ ವಿಚಾರವನ್ನು ಮುಂದುವರಿಸಿದರು.

1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಯು. ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’ವನ್ನು ಪ್ರಕಟಿಸಿತು. ಅದು ಒಕ್ಕಲಿಗರ ಆಡುನುಡಿಯ ವಿವರಣೆ. ಹಳ್ಳಿಯವರ ಮಾತು ಕೆಟ್ಟ ಕನ್ನಡವಲ್ಲ, ಅದಕ್ಕೂ ನಿಯಮವಿದೆ ಎನ್ನುವುದಕ್ಕೆ ಇಂಥ ಅಧ್ಯಯನಗಳೇ ಸಾಕ್ಷಿ.

ಸಮಾಜ ಮಾತನ್ನು ರೂಪಿಸಿದಂತೆ ಬರಹವೂ ಸಮಾಜವನ್ನು ಅಲುಗಾಡಿಸಿದ್ದಕ್ಕೆ ನಂಜನಗೂಡು ತಾಲ್ಲೂಕಿನ ಇಬ್ಬರು ಲೇಖಕರು ನಿದರ್ಶನ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) 1913ರಲ್ಲಿ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿ, ಪತ್ರಿಕೆಗಳನ್ನೂ ಸಂಪಾದಿಸಿದರು. ಅಚ್ಚಿನ ಲೋಕ ಗಂಡಸರದ್ದೇ ಆಗಿದ್ದ ಕಾಲದಲ್ಲಿ ಅವರು ಶಿಷ್ಟ ಕನ್ನಡವನ್ನು ಹಿಡಿದು ಒಳಹೊಕ್ಕರು. ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರದು ಬೇರೆ ದಾರಿ. 1973ರ ಕಥಾಸಂಕಲನಕ್ಕೆ ಅವರು ತಮ್ಮ ಊರಿನ ಹೆಸರನ್ನು ಜನ ಉಚ್ಚರಿಸುವಂತೆಯೇ ‘ದ್ಯಾವನೂರು’ ಎಂದಿಟ್ಟರು. ‘ಬೇಡ’ ‘ಬ್ಯಾಡ’ ಆಗುವ ನಿಯಮವೇ ಇಲ್ಲಿಯೂ ಇದೆ. ಅವರ ಕಾದಂಬರಿ ‘ಕುಸುಮಬಾಲೆ’ಯಲ್ಲಿ ಪಾತ್ರಗಳಷ್ಟೇ ಅಲ್ಲ, ಕಥೆ ಹೇಳುವ ದನಿಯೂ ದಲಿತ ಕೇರಿಯ ನುಡಿಯಲ್ಲೇ ಇದೆ. ಓದಿನ ಕನ್ನಡಕ್ಕೆ ಒಗ್ಗಿದವರಿಗೆ ಅದು ಕಷ್ಟವಾಯಿತು. ಆ ಕಷ್ಟವೇ ಕೃತಿಯ ದೊಡ್ಡ ಸಾಧನೆ. ಅಲ್ಲಿಯವರೆಗೆ ಅರ್ಥಮಾಡಿಕೊಳ್ಳುವ ಶ್ರಮವೆಲ್ಲ ಕೇರಿಯವರ ಪಾಲಿಗಿತ್ತು. 1990ರಲ್ಲಿ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಾತಿಗೂ ಬರಹಕ್ಕೂ ನಡುವಿನ ಈ ಅಂತರ ಅಕ್ಷರಗಳ ಚರ್ಚೆಯಲ್ಲೂ ಕಾಣುತ್ತದೆ. ಹೆಚ್ಚಿನ ಕನ್ನಡಿಗರ ಮಾತಿನಲ್ಲಿಲ್ಲದ ಮಹಾಪ್ರಾಣಗಳು ಬರಹಕ್ಕೂ ಬೇಡವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಶಾಲಾ ಪಠ್ಯಗಳು ಅವನ್ನು ಇಂದಿಗೂ ಉಳಿಸಿಕೊಂಡಿವೆ.