ಚಿತ್ರಾಧಾರಿತ ಪ್ರವಾಹವೇಗ ಮಾಪನ

ಚಿತ್ರಾಧಾರಿತ ಪ್ರವಾಹವೇಗ ಮಾಪನವು ಹರಿಯುವ ದ್ರವ ಅಥವಾ ಅನಿಲದ ಅನುಕ್ರಮ ಚಿತ್ರಗಳನ್ನು ಗಣಕದಲ್ಲಿ ಹೋಲಿಸಿ ಅದರ ವೇಗವನ್ನು ಕಂಡುಹಿಡಿಯುವ ವಿಧಾನ. ಇದರ ಪ್ರಮುಖ ಪ್ರಕಾರವಾದ ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿಯನ್ನು ಸಂಕ್ಷಿಪ್ತವಾಗಿ ಪಿಐವಿ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಬೆಳೆದ ಈ ವಿಧಾನವನ್ನು ನದಿಗಳ ಪ್ರವಾಹವನ್ನು ಅಳೆಯಲೂ ಬಳಸಲಾಗುತ್ತದೆ.

ತತ್ತ್ವ

ಹರಿವಿಗೆ ಸೂಕ್ಷ್ಮ ಕಣಗಳನ್ನು ಬೆರೆಸಿ, ತೆಳುವಾದ ಹಾಳೆಯಂತೆ ಹರಡಿದ ಲೇಸರ್ ಬೆಳಕಿನಲ್ಲಿ ಅತ್ಯಲ್ಪ ಕಾಲಾಂತರದ ಎರಡು ಚಿತ್ರಗಳನ್ನು ತೆಗೆಯಲಾಗುತ್ತದೆ. ಚಿತ್ರವನ್ನು ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಕಣಸಮೂಹವು ಎರಡನೆಯ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಎಂಬುದನ್ನು ಗಣಕವು ಗುರುತಿಸುತ್ತದೆ. ಸರಿದ ದೂರವನ್ನು ಕಾಲಾಂತರದಿಂದ ಭಾಗಿಸಿದರೆ ವೇಗ ದೊರೆಯುತ್ತದೆ.

ಇತಿಹಾಸ

ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ೨೦ನೆಯ ಶತಮಾನದ ಆರಂಭದಲ್ಲಿಯೇ ನೀರಿನಲ್ಲಿ ಕಣಗಳನ್ನು ಬೆರೆಸಿ ಹರಿವಿನ ವಿನ್ಯಾಸವನ್ನು ಕಣ್ಣಿಗೆ ಕಾಣಿಸಿದ್ದರು. ಪಿಐವಿ ಎಂಬ ಹೆಸರು ೧೯೮೦ರ ದಶಕದಲ್ಲಿ ರೂಢಿಗೆ ಬಂದಿತು. ಜಪಾನಿನ ಇಚಿರೊ ಫುಜಿತಾ ಮತ್ತು ಸಂಗಡಿಗರು ೧೯೯೮ರಲ್ಲಿ ಇದರ ಬೃಹತ್ ಪ್ರಮಾಣದ ರೂಪವನ್ನು ಜಲ ಇಂಜಿನಿಯರಿಂಗ್‌ಗೆ ಅನ್ವಯಿಸಿ ವಿವರಿಸಿದರು. ಇಲ್ಲಿ ಲೇಸರ್ ಬೇಕಿಲ್ಲ. ನೊರೆ, ಎಲೆ, ಕಸಕಡ್ಡಿ, ನೀರಿನ ಮೇಲ್ಮೈಯ ಅಲೆಗಳೇ ಕಣಗಳ ಕೆಲಸ ಮಾಡುತ್ತವೆ.

ಸ್ಥಳೀಯ ಮಹತ್ವ

ಅರ್ಕಾವತಿಯು ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ ಮತ್ತು ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣ ತಾಲ್ಲೂಕಿನಲ್ಲಿ ಕಣ್ವಾ ನದಿ ಹರಿಯುತ್ತದೆ. ೨೦೨೨ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ಈ ಭಾಗದ ಬಡಾವಣೆಗಳಿಗೆ ನೀರು ನುಗ್ಗಿ, ಬೆಂಗಳೂರು–ಮೈಸೂರು ಹೆದ್ದಾರಿಯೂ ಜಲಾವೃತವಾಯಿತು. ನೀರಿಗಿಳಿಸಿ ವೇಗವನ್ನು ಅಳೆಯುವ ಕರೆಂಟ್ ಮೀಟರನ್ನು ಇಂತಹ ನೆರೆಯಲ್ಲಿ ಬಳಸುವುದು ಅಪಾಯಕರ. ಸೇತುವೆ ಅಥವಾ ದಡದ ಮೇಲಿನ ಕ್ಯಾಮೆರಾ ನೀರನ್ನು ಮುಟ್ಟದೆಯೇ ಅಳೆಯಬಲ್ಲದು.

ಲೆಕ್ಕದ ಮಾದರಿ

ನೊರೆಯು ಅರ್ಧ ಸೆಕೆಂಡಿನಲ್ಲಿ ೧.೨ ಮೀಟರ್ ಸರಿದರೆ ಮೇಲ್ಮೈ ವೇಗ ಸೆಕೆಂಡಿಗೆ ೨.೪ ಮೀಟರ್. ತಳದ ಘರ್ಷಣೆಯಿಂದಾಗಿ ಆಳದ ನೀರು ನಿಧಾನವಾಗಿ ಹರಿಯುವುದರಿಂದ, ಸರಾಸರಿ ವೇಗಕ್ಕಾಗಿ ಇದನ್ನು ಸಾಮಾನ್ಯವಾಗಿ ೦.೮೫ರಿಂದ ಗುಣಿಸುತ್ತಾರೆ, ಆಗ ೨.೦೪ ಮೀಟರ್ ಬರುತ್ತದೆ. ನದಿಯ ಅಡ್ಡಕೊಯ್ತ ೧೦೦ ಚದರ ಮೀಟರ್ ಆಗಿದ್ದರೆ ಹರಿವು ಸೆಕೆಂಡಿಗೆ ೨೦೪ ಘನ ಮೀಟರ್, ಅಂದರೆ ಸುಮಾರು ೭,೨೦೦ ಕ್ಯೂಸೆಕ್. ಈ ತಿದ್ದುಪಡಿಯನ್ನು ಕೈಬಿಟ್ಟರೆ ಸುಮಾರು ೧,೨೭೦ ಕ್ಯೂಸೆಕ್ ಹೆಚ್ಚು ತೋರುತ್ತದೆ.

ಮಿತಿಗಳು

ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ ಮಾತ್ರ. ನದಿಯ ಅಡ್ಡಕೊಯ್ತವನ್ನು ಪ್ರತ್ಯೇಕವಾಗಿ ಅಳೆದಿರಬೇಕು. ಮರಳು ತುಂಬಿ ಅಥವಾ ಕೊಚ್ಚಿಹೋಗಿ ತಳ ಬದಲಾದರೆ ಮತ್ತೆ ಅಳೆಯಬೇಕು. ಇರುಳು, ಬಿಸಿಲಿನ ಪ್ರತಿಫಲನ, ಗಾಳಿ ಮತ್ತು ಬಿರುಮಳೆಗಳು ಫಲಿತಾಂಶವನ್ನು ಕೆಡಿಸುತ್ತವೆ. ಸರ್ವೋಚ್ಚ ನ್ಯಾಯಾಲಯದ ೨೦೧೮ರ ತೀರ್ಪಿನಂತೆ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ೧೭೭.೨೫ ಟಿಎಂಸಿ ನೀರನ್ನು ಒದಗಿಸಬೇಕಾಗಿರುವ ಕಾವೇರಿ ಕೊಳ್ಳದಲ್ಲಿ, ಅಳತೆ ಯಾವ ವಿಧಾನದ್ದಾದರೂ ಇಂತಹ ತಿದ್ದುಪಡಿಗಳ ನಿಖರತೆ ಮುಖ್ಯವಾಗುತ್ತದೆ.