ಬೊಲೊನ್ಯದ ನಿಯಮಗಳಲ್ಲಿ ವಿದ್ಯಾರ್ಥಿಯ ದನಿ

ವಿದ್ಯಾಸ್ಥಾನಗಳ ಚರಿತ್ರೆಗೆ ದೊರೆಯುವ ಆಕರಗಳು ಬಹುಮಟ್ಟಿಗೆ ದಾನಿಗಳವು, ಆಡಳಿತದವು, ಇಲ್ಲವೇ ಗುರುಗಳವು. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಬಿಟ್ಟ 27 ನಿವೇಶನಗಳನ್ನೂ ಹೇಳುತ್ತದೆ. ಆದರೆ ಆ ನಿವೇಶನಗಳಲ್ಲಿದ್ದವರಿಗೆ ಅಲ್ಲಿನ ಪಾಠ ಹೇಗೆನಿಸಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ. ಕಲಿಸುವವರ ಬಗೆಗೆ ಕಲಿಯುವವರ ಅಭಿಪ್ರಾಯ ದಾಖಲೆಯ ರೂಪದಲ್ಲಿ ಉಳಿದಿರುವ ಸ್ಥಳಗಳು ವಿರಳ. ಅವುಗಳಲ್ಲಿ ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯ ಪ್ರಮುಖವಾದುದು.

ಈ ವಿಶ್ವವಿದ್ಯಾಲಯದ ಸ್ಥಾಪನೆಯ ವರ್ಷವೆಂದು 1088ನ್ನು ಸಾಂಪ್ರದಾಯಿಕವಾಗಿ ಹೇಳುತ್ತಾರೆ. ವಾಸ್ತವದಲ್ಲಿ ಅದನ್ನು ಒಂದು ದಿನ ಒಬ್ಬರು ಸ್ಥಾಪಿಸಲಿಲ್ಲ. ಜಸ್ಟಿನಿಯನ್ ಚಕ್ರವರ್ತಿಯ ಕಾಲದ ರೋಮನ್ ನ್ಯಾಯಸಂಹಿತೆಯನ್ನು ಇರ್ನೇರಿಯಸ್ ಮೊದಲಾದವರು ಅಲ್ಲಿ ಬೋಧಿಸತೊಡಗಿದಾಗ ಯುರೋಪಿನ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಅವರಲ್ಲಿ ಅನೇಕರು ಪ್ರಾಯಪ್ರಬುದ್ಧರು. ಆದರೆ ಪರದೇಶಿಗಳಾದ ಅವರಿಗೆ ಆ ನಗರದಲ್ಲಿ ಪೌರಹಕ್ಕು ಇರಲಿಲ್ಲ. ಆತ್ಮರಕ್ಷಣೆಗಾಗಿ ಅವರು ಸಂಘ ಕಟ್ಟಿಕೊಂಡರು. ಲ್ಯಾಟಿನ್ನಿನ ‘ಯೂನಿವರ್ಸಿಟಾಸ್’ ಎಂಬ ಮಾತು ಅಲ್ಲಿ ಮೊದಲು ಸೂಚಿಸಿದ್ದು ಕಟ್ಟಡವನ್ನಲ್ಲ, ಗುರುಸಮೂಹವನ್ನೂ ಅಲ್ಲ. ವಿದ್ಯಾರ್ಥಿಗಳ ಈ ಸಂಘವನ್ನು. ಅದರ ಮುಖ್ಯಸ್ಥನಾದ ರೆಕ್ಟರ್ ಕೂಡ ವಿದ್ಯಾರ್ಥಿಯೇ.

ಈ ಸಂಘದ ಬಲ ಎರಡು ಸಂಗತಿಗಳಲ್ಲಿತ್ತು. ಅಧ್ಯಾಪಕರ ಜೀವನ ವಿದ್ಯಾರ್ಥಿಗಳು ಕೊಡುವ ಶುಲ್ಕದಿಂದ ನಡೆಯುತ್ತಿತ್ತು. ಒಪ್ಪದಿದ್ದರೆ ಊರನ್ನೇ ಬಿಟ್ಟುಹೋಗುವ ದಾರಿಯೂ ಅವರಿಗಿತ್ತು. 1222ರಲ್ಲಿ ಹಾಗೆ ಹೊರಟ ಒಂದು ಗುಂಪಿನಿಂದಲೇ ಪಾಡುವಾ ವಿಶ್ವವಿದ್ಯಾಲಯ ಹುಟ್ಟಿತು.

ಬೊಲೊನ್ಯದ ವಿದ್ಯಾರ್ಥಿಸಂಘದ ನಿಯಮಾವಳಿಗಳಲ್ಲಿ 1317ರದು ಪ್ರಸಿದ್ಧವಾದುದು. ಅಧ್ಯಾಪಕನು ರೆಕ್ಟರನಿಗೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡಬೇಕು. ಅನುಮತಿಯಿಲ್ಲದೆ ಒಂದು ದಿನವೂ ತರಗತಿ ತಪ್ಪಿಸುವಂತಿಲ್ಲ. ಊರು ಬಿಟ್ಟುಹೋಗುವುದಾದರೆ ಮರಳಿ ಬರುವುದಕ್ಕೆ ಭದ್ರತೆಯಾಗಿ ಹಣ ಇಡಬೇಕು. ಗಂಟೆ ಬಾರಿಸಿದೊಡನೆ ಪಾಠ ಆರಂಭವಾಗಬೇಕು, ಮುಂದಿನ ಗಂಟೆಗೆ ಮುಗಿಯಬೇಕು. ಪಠ್ಯದ ಅಧ್ಯಾಯವೊಂದನ್ನು ಹಾರಿಸುವಂತಿಲ್ಲ. ಕಠಿಣವಾದ ಪ್ರಶ್ನೆಯನ್ನು ತರಗತಿಯ ಕೊನೆಗೆ ತಳ್ಳುವಂತಿಲ್ಲ. ಪಠ್ಯವನ್ನು ಭಾಗಗಳಾಗಿ ವಿಂಗಡಿಸಿ, ಯಾವ ಭಾಗ ಎಷ್ಟು ಕಾಲದಲ್ಲಿ ಮುಗಿಯಬೇಕೆಂದು ಗೊತ್ತುಪಡಿಸಲಾಗಿತ್ತು. ಕೇಳಲು ಐವರಾದರೂ ಬಾರದಿದ್ದರೆ ಅಧ್ಯಾಪಕನು ಗೈರುಹಾಜರಾದಂತೆಯೇ ಲೆಕ್ಕ, ಅದಕ್ಕೆ ದಂಡ. ಇವನ್ನೆಲ್ಲ ಗಮನಿಸಿ ವರದಿ ಮಾಡಲು ವಿದ್ಯಾರ್ಥಿಗಳಲ್ಲಿಯೇ ಕೆಲವರನ್ನು ನೇಮಿಸುತ್ತಿದ್ದರು.

ಕನ್ನಡ ಶಾಸನಗಳನ್ನು ಓದಿದವರಿಗೆ ಈ ನಿಯಮಗಳನ್ನು ಓದುವ ಕ್ರಮ ಪರಿಚಿತವಾದುದೇ. ದಾನವನ್ನು ಅಳಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಾಪಾಶಯದ ಸಾಲುಗಳು ಮತ್ತೆ ಮತ್ತೆ ಹೇಳುತ್ತವೆಯೆಂದರೆ, ದಾನಗಳನ್ನು ಅಳಿಯುವವರು ಇದ್ದರೆಂದೇ ಅರ್ಥ. ನಿಷೇಧದ ಹಿಂದೆ ಅನುಭವವಿರುತ್ತದೆ. ಕಠಿಣ ಪ್ರಶ್ನೆಯನ್ನು ಕೊನೆಗೆ ತಳ್ಳಬಾರದೆಂಬ ನಿಯಮದಲ್ಲಿ, ಗಂಟೆ ಬಾರಿಸುವವರೆಗೆ ಸುಲಭ ಸಂಗತಿಗಳಲ್ಲಿಯೇ ಕಾಲ ಕಳೆದ ಯಾವನೋ ಪಂಡಿತ ಕಾಣುತ್ತಾನೆ. ಅವನೆದುರು ಹಣ ತೆತ್ತು ಕುಳಿತ, ಅರ್ಥವಾಗದೆ ಎದ್ದುಹೋದ ವಿದ್ಯಾರ್ಥಿಯೂ ಕಾಣುತ್ತಾನೆ. ಈ ದೃಷ್ಟಿಯಿಂದ ನಿಯಮಾವಳಿಯು ಅಧ್ಯಾಪನದ ಗುಣಮಟ್ಟವನ್ನು ಕುರಿತ ಸಾಮೂಹಿಕ ದೂರುಪತ್ರವೇ ಆಗಿದೆ.

ಆದರೆ ಅದರ ಮಿತಿಯೂ ಸ್ಪಷ್ಟ. ಸಮಯ, ಹಾಜರಿ, ಪಠ್ಯದ ಪ್ರಮಾಣ ಇವು ಎಣಿಕೆಗೆ ಸಿಗುವಂಥವು. ಪಾಠದ ಆಳ, ಗುರುವಿನ ಪ್ರಾಮಾಣಿಕತೆ, ಸಂದೇಹ ಕೇಳಿದವನನ್ನು ಆತ ಕಂಡ ಬಗೆ ಇವು ದಂಡದ ಲೆಕ್ಕಕ್ಕೆ ಒಳಪಡಲಿಲ್ಲ. ಪದವಿಗೆ ಪರೀಕ್ಷೆ ನಡೆಸುವ ಹಕ್ಕನ್ನು ಅಧ್ಯಾಪಕರ ಮಂಡಲಿ ತನ್ನಲ್ಲಿಯೇ ಉಳಿಸಿಕೊಂಡಿತ್ತು. ಮುಂದೆ ನಗರಾಡಳಿತವೇ ಅಧ್ಯಾಪಕರಿಗೆ ಸಂಬಳ ಕೊಡತೊಡಗಿದಾಗ ವಿದ್ಯಾರ್ಥಿಗಳ ಹಿಡಿತ ಕ್ರಮೇಣ ಸಡಿಲವಾಯಿತು. ಅನ್ನದ ಮೂಲ ಬದಲಾದೊಡನೆ ಉತ್ತರದಾಯಿತ್ವದ ದಿಕ್ಕೂ ಬದಲಾಯಿತು.

ಇದಕ್ಕೆ ಎದುರಾದ ಚಿತ್ರ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಆರಂಭದ ದಶಕಗಳದು. 1921ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಮುಟ್ಟಿಸಿದ ಸಂಗತಿ ಪ್ರಸಿದ್ಧವಾಗಿದೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ, ಆ ವೇಳೆಗೆ ವೆಂಕಣ್ಣಯ್ಯನವರು ತೀರಿಕೊಂಡು ವರ್ಷಗಳೇ ಕಳೆದಿದ್ದವು. ಅಧ್ಯಾಪನದ ಬಗೆಗೆ ವಿದ್ಯಾರ್ಥಿಯ ತೀರ್ಪು ಇದಕ್ಕಿಂತ ಘನವಾಗಿರಲಾರದು. ಬೊಲೊನ್ಯದ ದಂಡಸೂಚಿ ಹೇಳಲಾಗದ ಆಳವನ್ನು ಇವು ಹೇಳುತ್ತವೆ. ಆದರೆ ಇವು ಕೃತಜ್ಞತೆಯ ದಾಖಲೆಗಳು. ಸಂಸ್ಮರಣ ಗ್ರಂಥಗಳಲ್ಲಿ, ಅಭಿನಂದನ ಸಂಪುಟಗಳಲ್ಲಿ ಬೇಸರದ ತರಗತಿಗೆ ಎಡೆಯಿಲ್ಲ. ಮುಂದೆ ಹೆಸರುಗೊಂಡು ಬರೆದ ಶಿಷ್ಯನ ನೆನಪು ಉಳಿಯುತ್ತದೆ; ನಡುವೆಯೇ ಓದು ಬಿಟ್ಟವನದು ಉಳಿಯುವುದಿಲ್ಲ. ಬೊಲೊನ್ಯದಲ್ಲಿ ಉಳಿದದ್ದು ದೂರು, ಮೈಸೂರಿನಲ್ಲಿ ಉಳಿದದ್ದು ಭಕ್ತಿ. ಇವೆರಡರಲ್ಲಿ ಒಂದನ್ನೇ ನಂಬಿ ಬರೆದ ಚರಿತ್ರೆ ಅರ್ಧಸತ್ಯವಾಗುತ್ತದೆ.

1994ರಲ್ಲಿ ಬೆಂಗಳೂರು ಕೇಂದ್ರವಾಗಿ ಸ್ಥಾಪನೆಯಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಅದರ ಮೊದಲ ಪ್ರಶ್ನೆ ಪಠ್ಯಕ್ರಮದ ಎಷ್ಟು ಭಾಗವನ್ನು ತರಗತಿಯಲ್ಲಿ ಪಾಠ ಮಾಡಲಾಯಿತು ಎಂಬುದು. ಏಳು ಶತಮಾನಗಳ ಹಿಂದೆ ಬೊಲೊನ್ಯದವರು ಕೇಳಿದ್ದೂ ಇದನ್ನೇ. ಆದರೆ ಅಲ್ಲಿ ಕೇಳಿದವರು ವಿದ್ಯಾರ್ಥಿಗಳು. ಇಲ್ಲಿ ಅವರು ಉತ್ತರಿಸುವವರು ಮಾತ್ರ. ಪ್ರಶ್ನಾವಳಿಯ ಕೊನೆಗೆ ಸ್ವಂತ ಮಾತಿನಲ್ಲಿ ಸಲಹೆ ಬರೆಯಲು ಅವಕಾಶವಿದೆ. ಅಂಕಗಳು ಹೇಗೂ ವರದಿಯಲ್ಲಿ ಉಳಿಯುತ್ತವೆ. ಜತನದಿಂದ ಕಾಯ್ದಿಡಬೇಕಾದದ್ದು ಈ ಬರಹವನ್ನು. ಮುಂದಿನ ಸಂಶೋಧಕನಿಗೆ ಇಂದಿನ ತರಗತಿಯ ಒಳಗು ತಿಳಿಯಬೇಕಾದರೆ ಅವನಿಗೆ ಬೇಕಾಗುವುದು ಸರಾಸರಿಯಲ್ಲ, ಹೆಸರಿಲ್ಲದ ವಿದ್ಯಾರ್ಥಿಯೊಬ್ಬ ಅಲ್ಲಿ ಬರೆದಿಟ್ಟ ಎರಡು ಸಾಲು.